ಹುರುಳಿಲ್ಲದ ಅಪೀಲು: ವಜಾ ಆಗಲೆಂದು ಕಾಯಬೇಡಿ, ಠೇವಣಿಯಲ್ಲಿ ಕಟ್ಟಿಹಾಕಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಣ್ಣ ಮಟ್ಟದ ಕಟ್ಟಡ ಗುತ್ತಿಗೆದಾರ. ಒಬ್ಬರಿಗೆ ವಾಸದ ಮನೆ ಕಟ್ಟಿಕೊಟ್ಟೆ. ಕೆಳಗೆ ಅವರಿದ್ದಾರೆ, ಮೇಲಿನ ಮಹಡಿ ಬಾಡಿಗೆಗೆ ಹೋಗಿದೆ. ಕೊನೆಯ ಬಿಲ್ಲಿನ 14,20,000 ರೂಪಾಯಿ ಕೊಡಲಿಲ್ಲ. 2021ರ ಜೂನ್ 10ರಂದು ದಾವೆ ಹಾಕಿದೆ. 2024ರ ಡಿಸೆಂಬರ್ 2ರಂದು ಸಿಟಿ ಸಿವಿಲ್ ಕೋರ್ಟ್ ಪೂರ್ತಿ ಮೊತ್ತಕ್ಕೆ, ದಾವೆ ಹಾಕಿದ ದಿನದಿಂದ ವಸೂಲಾಗುವವರೆಗೆ ಶೇ 9 ಬಡ್ಡಿ ಸೇರಿಸಿ ಡಿಕ್ರಿ ಮಾಡಿತು. ಬಿಲ್ಲಿನ ಮೇಲಿನ ಸಹಿ ತನ್ನದೇ ಎಂದು ಪಾಟಿಸವಾಲಿನಲ್ಲಿ ಅವರೇ ಒಪ್ಪಿದ್ದಾರೆ. ಆದರೂ 2025ರ ಮಾರ್ಚ್ 24ರಂದು ಹೈಕೋರ್ಟಿಗೆ ಅಪೀಲು ಹಾಕಿದ್ದಾರೆ. ಅವರ ಕಾರಣಗಳು ಇವು: ಕರಾರಿನ ಛಾಪಾ ಕಾಗದ ಸಾಲದು. ಕೆಲಸ ಕಳಪೆ, ಗೋಡೆ ಬಿರುಕಿನ ಫೋಟೊ ಈಗ ಕೊಡುತ್ತೇವೆ. ಕೊನೆಗೆ ಬಾಯಿಮಾತಿನಲ್ಲಿ ಮೂರು ಲಕ್ಷ ಬಿಟ್ಟುಕೊಡಲು ನಾನು ಒಪ್ಪಿದ್ದೆ. ಬಡ್ಡಿ ಹೆಚ್ಚಾಯಿತು. ತಡೆಯಾಜ್ಞೆ ಕೇಳಿದ್ದಾರೆ, ಇನ್ನೂ ಸಿಕ್ಕಿಲ್ಲ. ಇಂಥ ಅಪೀಲನ್ನು ಮೊದಲ ದಿನವೇ ವಜಾ ಮಾಡಿಸಲು ಆಗುವುದಿಲ್ಲವೇ? ನನ್ನ ಖರ್ಚು ಯಾರು ಕೊಡುತ್ತಾರೆ?

ಉತ್ತರ: ಮೊದಲ ದಿನವೇ ವಜಾ ಮಾಡುವ ಅಧಿಕಾರ ಕೋರ್ಟಿಗೆ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 11ರ ಪ್ರಕಾರ ಅಪೀಲುದಾರರ ವಕೀಲರನ್ನಷ್ಟೇ ಕೇಳಿ, ನಿಮಗೆ ನೋಟಿಸನ್ನೂ ಕೊಡದೆ ಅಪೀಲನ್ನು ತಳ್ಳಿಹಾಕಬಹುದು. ಈ ವಿಚಾರಣೆ ಆದಷ್ಟೂ 60 ದಿನದೊಳಗೆ ಮುಗಿಯಬೇಕೆಂದು ನಿಯಮ 11ಎ ಹೇಳುತ್ತದೆ. ಆದರೆ ನಿಮ್ಮದು ಕಲಂ 96ರ ಪ್ರಥಮ ಅಪೀಲು. ಇದರಲ್ಲಿ ಕಾನೂನಿನ ಜೊತೆ ಸಂಗತಿಗಳನ್ನೂ ಹೊಸದಾಗಿ ತೂಗಿ ನೋಡಿಸಿಕೊಳ್ಳುವ ಹಕ್ಕು ಸೋತವರಿಗೆ ಇದೆ. ಪ್ರಥಮ ಅಪೀಲು ಅಮೂಲ್ಯವಾದ ಹಕ್ಕು, ಮೇಲಿನ ಕೋರ್ಟು ಸ್ವತಃ ಮನಸ್ಸಿಟ್ಟು ಸಾಕ್ಷ್ಯ ನೋಡಿದ್ದು ತೀರ್ಪಿನಲ್ಲಿ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2001ರ ಸಂತೋಷ್ ಹಜಾರಿ ಪ್ರಕರಣದಲ್ಲಿ ಹೇಳಿದ ಮೇಲೆ, ವಾದಕ್ಕೆ ಒಂದಿಷ್ಟು ಎಡೆಯಿದ್ದರೂ ಆರ್‌ಎಫ್‌ಎಯನ್ನು (ಹೈಕೋರ್ಟಿನ ಪ್ರಥಮ ಅಪೀಲನ್ನು) ಬಾಗಿಲಲ್ಲೇ ತಡೆಯಲು ನ್ಯಾಯಮೂರ್ತಿಗಳು ಹಿಂಜರಿಯುತ್ತಾರೆ. ನಿಮ್ಮ ಎದುರಾಳಿಯ ಅಪೀಲಿನಲ್ಲಿ ಆ ಎಡೆ ಒಂದು ಕಡೆ ಇದೆ. ಎಲ್ಲಿ ಎಂದು ಮುಂದೆ ಹೇಳುತ್ತೇನೆ, ನಿಮಗೆ ಇಷ್ಟವಾಗಲಿಕ್ಕಿಲ್ಲ.

ಹುರುಳಿಲ್ಲದ ಅಪೀಲು ನಿಮಗೆ ನಷ್ಟ ಮಾಡುವುದು ಗೆದ್ದು ಅಲ್ಲ, ಹಣ ವಸೂಲಿಯನ್ನು ನಿಲ್ಲಿಸಿ. ಆದ್ದರಿಂದ ನಿಮ್ಮ ಗಮನ ವಜಾದ ಮೇಲಲ್ಲ, ತಡೆಯಾಜ್ಞೆಯ ಅರ್ಜಿಯ ಮೇಲೆ ಇರಬೇಕು.

ಮೊದಲು ತಾರೀಖು ಎಣಿಸಿ. ಹೈಕೋರ್ಟಿಗೆ ಅಪೀಲು ಹಾಕಲು ಕಾಲಮಿತಿ ಅಧಿನಿಯಮದ 116ನೇ ವಿಧಿಯಲ್ಲಿ 90 ದಿನ. (ಜಿಲ್ಲಾ ನ್ಯಾಯಾಲಯಕ್ಕೆ ಹೋಗುವ ಅಪೀಲಾದರೆ 30 ದಿನ; ಕಮರ್ಷಿಯಲ್ ಕೋರ್ಟಿನ ತೀರ್ಪಾಗಿದ್ದರೆ 60.) ಡಿಸೆಂಬರ್ 2ರ ತೀರ್ಪಿಗೆ 90ನೇ ದಿನ ಮಾರ್ಚ್ 2. ನಕಲು ಪಡೆಯಲು ಹಿಡಿದ ದಿನಗಳನ್ನು ಇದಕ್ಕೆ ಕೂಡಿಸಬೇಕು. ಅಪೀಲಿನ ಜೊತೆ ಲಗತ್ತಿಸಿದ ಪ್ರಮಾಣಿತ ನಕಲಿನ ಕೊನೆಯ ಪುಟ ತಿರುವಿ ನೋಡಿ. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಎಂದು ಸೀಲಿನೊಳಗೆ ಬರೆದಿರುತ್ತಾರೆ. ಉದಾಹರಣೆಗೆ, ಅರ್ಜಿ ಡಿಸೆಂಬರ್ 20ಕ್ಕೆ, ತಯಾರಾದದ್ದು ಜನವರಿ 3ಕ್ಕೆ ಎಂದಿದ್ದರೆ 15 ದಿನ ಸಿಗುತ್ತದೆ, ಗಡುವು ಮಾರ್ಚ್ 17 ಆಗುತ್ತದೆ. ಹಾಗಿದ್ದಲ್ಲಿ 24ರಂದು ಹಾಕಿದ್ದು 7 ದಿನ ತಡ. ತಯಾರಾದ ಮೇಲೆ ವಕೀಲರ ಗುಮಾಸ್ತರು ಒಂದು ವಾರ ಬಿಟ್ಟು ತಂದುಕೊಂಡರೆ ಆ ವಾರವನ್ನು ಕಳೆಯುವಂತಿಲ್ಲ. ಎಷ್ಟೋ ಅಪೀಲುಗಳು ಕಾಲಮಿತಿಯಲ್ಲಿವೆ ಎಂದು ತಪ್ಪಾಗಿ ತೋರುವುದು ಈ ಲೆಕ್ಕದಲ್ಲೇ.

7 ದಿನ ತಡ ಎಂಬ ಕಾರಣಕ್ಕೆ ಅಪೀಲು ಬಿದ್ದುಹೋಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಅಷ್ಟನ್ನು ಕೋರ್ಟು ಮನ್ನಾ ಮಾಡುತ್ತದೆ. ನಿಮಗೆ ಪ್ರಯೋಜನ ಬೇರೆ ಕಡೆ ಇದೆ. ಅಪೀಲು ತಡವಾಗಿದ್ದರೆ ಆದೇಶ 41, ನಿಯಮ 3ಎ ಅನ್ವಯಿಸುತ್ತದೆ. ಅದರ ಮೂರನೇ ಉಪನಿಯಮದ ಪ್ರಕಾರ, ನಿಯಮ 11ರ ವಿಚಾರಣೆ ನಡೆಸಿ ಅಪೀಲನ್ನು ಕೇಳುತ್ತೇವೆ ಎಂದು ಕೋರ್ಟು ತೀರ್ಮಾನಿಸುವವರೆಗೆ ಡಿಕ್ರಿಗೆ ತಡೆ ಕೊಡುವಂತಿಲ್ಲ. ಅಂದರೆ ತಡದ ಅಪೀಲಿನಲ್ಲಿ ‘ಸದ್ಯಕ್ಕೆ ತಡೆ ಕೊಡಿ, ವಿಳಂಬದ ಅರ್ಜಿ ಆಮೇಲೆ ನೋಡೋಣ’ ಎನ್ನಲು ದಾರಿಯಿಲ್ಲ. ಯಾರೂ ಎತ್ತಿ ತೋರಿಸದಿದ್ದರೆ ಮಾತ್ರ ಇದು ಕಣ್ತಪ್ಪುತ್ತದೆ.

ಎತ್ತಿ ತೋರಿಸಲು ನಿಮ್ಮ ವಕೀಲರು ಅಲ್ಲಿರಬೇಕಲ್ಲ, ಅದಕ್ಕೆ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮೊದಲೇ ಕೋರ್ಟಿಗೆ ಕೊಡುವ ಅರ್ಜಿ). ಕಲಂ 148ಎ ಪ್ರಕಾರ ಹಾಕುವ ಕೇವಿಯಟ್ಟಿನ ಆಯಸ್ಸು 90 ದಿನ. ತೀರ್ಪು ಬಂದ ವಾರದಲ್ಲೇ ಹಾಕಿ ನಿಶ್ಚಿಂತರಾದವರಿಗೆ ಆಗುವ ಪಜೀತಿ ಇದೇ: ನಕಲಿನ ದಿನಗಳು ಸೇರಿ ಅಪೀಲು 100 ಅಥವಾ 110ನೇ ದಿನಕ್ಕೆ ಬರುತ್ತದೆ, ಅಷ್ಟರಲ್ಲಿ ಕೇವಿಯಟ್ ಮುಗಿದಿರುತ್ತದೆ. ನೀವು ಹಾಕಿದ್ದರೆ ತಾರೀಖು ನೋಡಿ. ಮುಗಿದಿದ್ದರೆ, ಅಪೀಲು ಬಂದಿರುವುದು ಗೊತ್ತಾಗಿರುವುದರಿಂದ ನೋಟಿಸಿಗೆ ಕಾಯದೆ ವಕಾಲತ್ತು ಹಾಕಿಸಿ. ಅದರ ಜೊತೆಗೇ ತಡೆಯಾಜ್ಞೆಯ ಅರ್ಜಿಗೆ ಆಕ್ಷೇಪಣೆ ಕೊಡಿ.

ಇನ್ನು ಅವರು ಕೊಟ್ಟ ನಾಲ್ಕು ಕಾರಣಗಳು.

ಛಾಪಾ ಕಾಗದದ ತಕರಾರು ಹೆಚ್ಚುಕಡಿಮೆ ಸತ್ತ ವಾದ. ಕರಾರು ಪತ್ರವನ್ನು ವಿಚಾರಣೆಯಲ್ಲಿ ನಿಶಾನೆ ಮಾಡಿ ಸಾಕ್ಷ್ಯವಾಗಿ ಸ್ವೀಕರಿಸಿದ ಮೇಲೆ, ಮುದ್ರಾಂಕ ಸಾಲದೆಂಬ ಕಾರಣಕ್ಕೆ ಅದೇ ದಾವೆಯ ಯಾವ ಹಂತದಲ್ಲೂ ಪ್ರಶ್ನಿಸುವಂತಿಲ್ಲ ಎಂದು 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದ ಕಲಂ 35 ಹೇಳುತ್ತದೆ. ನಿಶಾನೆ ಮಾಡುವಾಗ ಅವರ ವಕೀಲರು ಆಕ್ಷೇಪಿಸಿ, ‘ಆಕ್ಷೇಪಣೆಗೆ ಒಳಪಟ್ಟು’ ಎಂದು ನ್ಯಾಯಾಧೀಶರು ಬರೆಸಿ, ಆಮೇಲೆ ತೀರ್ಮಾನ ಕೊಡದೆ ಬಿಟ್ಟಿದ್ದರೆ ಮಾತು ಬೇರೆ. ಸಾಕ್ಷ್ಯ ದಾಖಲಾದ ದಿನದ ಹಾಳೆಯಲ್ಲಿ ಆ ಒಂದು ಸಾಲು ಇದೆಯೇ ಎಂದು ನೋಡಿಕೊಳ್ಳಿ.

ಬಿರುಕಿನ ಫೋಟೊಗಳು ಆದೇಶ 41, ನಿಯಮ 27ರ ಬಾಗಿಲನ್ನು ದಾಟಬೇಕು. ಅಪೀಲಿನಲ್ಲಿ ಹೊಸ ಸಾಕ್ಷ್ಯಕ್ಕೆ ಮೂರೇ ಸಂದರ್ಭ: ಕೆಳಗಿನ ಕೋರ್ಟು ಸ್ವೀಕರಿಸಬೇಕಾದದ್ದನ್ನು ತಿರಸ್ಕರಿಸಿರಬೇಕು; ಎಷ್ಟೇ ಎಚ್ಚರ ವಹಿಸಿದರೂ ಆಗ ಅದು ತಿಳಿದಿರಲಿಲ್ಲ ಅಥವಾ ಕೈಗೆ ಸಿಗುವಂತಿರಲಿಲ್ಲ ಎಂದು ತೋರಿಸಬೇಕು; ಇಲ್ಲವೇ ತೀರ್ಪು ಕೊಡಲು ಕೋರ್ಟಿಗೇ ಅದು ಬೇಕೆನಿಸಬೇಕು. ತಾನು ವಾಸವಿರುವ ಮನೆಯ ಗೋಡೆಯ ಫೋಟೊವನ್ನು ಮೂರೂವರೆ ವರ್ಷ ತೆಗೆಯಲಾಗಲಿಲ್ಲ ಎನ್ನುವವರಿಗೆ ಎರಡನೆಯದು ಸಿಗದು. ಒಂದು ಎಚ್ಚರಿಕೆ: ಈ ಅರ್ಜಿಯನ್ನು ಅಪೀಲಿನ ಅಂತಿಮ ವಿಚಾರಣೆಯ ಜೊತೆ ಕೇಳಬೇಕೆಂಬುದು 2012ರ ಇಬ್ರಾಹಿಂ ಉದ್ದೀನ್ ತೀರ್ಪಿನಿಂದ ಗಟ್ಟಿಯಾಗಿದೆ. ಅದನ್ನು ಮೊದಲೇ ತಿರಸ್ಕರಿಸಿ ಎಂದು ಪಟ್ಟು ಹಿಡಿಯುವುದು ಸಮಯ ಹಾಳು. ಲಿಖಿತವಾಗಿ ಆಕ್ಷೇಪಿಸಿ ಸುಮ್ಮನಿರಿ.

ಬಾಯಿಮಾತಿನ ರಿಯಾಯಿತಿಯ ವಿಷಯದಲ್ಲಿ ಬಹಳ ಜನ ಅವಸರಪಟ್ಟು, ಬರೆದ ಕರಾರಿನ ಎದುರು ಬಾಯಿಮಾತು ನಡೆಯದು ಎಂದು ಸಾಕ್ಷ್ಯ ಅಧಿನಿಯಮದ ಕಲಂ 92 ತೋರಿಸುತ್ತಾರೆ (2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು ಕಲಂ 95). ಅದೇ ಕಲಮಿನ ನಾಲ್ಕನೇ ಪರಂತುಕ (ವಿನಾಯಿತಿ) ಓದಿ. ಕರಾರು ಲಿಖಿತದಲ್ಲೇ ಇರಬೇಕೆಂದು ಕಾನೂನು ಹೇಳದಿದ್ದರೆ, ಅದು ನೋಂದಣಿಯೂ ಆಗಿರದಿದ್ದರೆ, ಆಮೇಲೆ ಬಾಯಿಮಾತಿನಲ್ಲಿ ಆದ ಬದಲಾವಣೆಯನ್ನು ಸಾಬೀತುಪಡಿಸಬಹುದು. ಮನೆ ಕಟ್ಟುವ ಕರಾರು ಆ ಜಾತಿಯದು. ಹಾಗಾಗಿ ನಿಮ್ಮ ಬಲ ಕಲಂ 92 ಅಲ್ಲ, ಅವರ ಪ್ರತಿವಾದಪತ್ರ. ಮೂರು ಲಕ್ಷದ ಮಾತು ಅದರಲ್ಲಿ ಎಲ್ಲಿಯೂ ಇಲ್ಲವೆಂದಾದರೆ, ವಿವಾದಾಂಶವೇ ಆಗದ ಸಂಗತಿಯನ್ನು ಅಪೀಲಿನಲ್ಲಿ ಹೊಸದಾಗಿ ಹುಟ್ಟಿಸಲಾಗದು. ಇದ್ದರೆ, ಬಿಲ್ಲಿನ ಮೇಲಿನ ಸಹಿಯನ್ನು ಒಪ್ಪಿಕೊಂಡ ಪಾಟಿಸವಾಲಿನ ಆ ಎರಡು ಸಾಲು ನಿಮ್ಮನ್ನು ಕಾಯುತ್ತವೆ.

ಬಡ್ಡಿ. ಇದೇ ನಾನು ಹೇಳಿದ ಎಡೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 34ರಲ್ಲಿ ಬಡ್ಡಿಗೆ ಎರಡು ಕಾಲ. ದಾವೆಯಿಂದ ಡಿಕ್ರಿಯವರೆಗೆ ಕೋರ್ಟಿಗೆ ಸರಿಯೆನಿಸಿದ ದರ. ಇಲ್ಲಿ ಶೇ 9 ನಿಲ್ಲುತ್ತದೆ. ಡಿಕ್ರಿಯ ದಿನದಿಂದ ಮುಂದಕ್ಕೆ ಸಾಮಾನ್ಯ ಮಿತಿ ಶೇ 6. ವ್ಯಾಪಾರಿ ವ್ಯವಹಾರವಾದರೆ ಮಾತ್ರ ಅದನ್ನು ಮೀರಬಹುದು. ಯಾರ ವ್ಯಾಪಾರ? ನಿಮ್ಮದಲ್ಲ, ಸಾಲದ ಹೊಣೆ ಹೊತ್ತವರದು. ಕಲಮಿನ ವಿವರಣೆ ಹಾಗೆಯೇ ಹೇಳುತ್ತದೆ. ವಾಸಕ್ಕೆಂದು ಮನೆ ಕಟ್ಟಿಸಿದವರಿಗೆ ಅದು ವ್ಯಾಪಾರವಲ್ಲ. ಮೇಲಿನ ಮಹಡಿ ಬಾಡಿಗೆಗಿದೆ ಎಂದು ನೀವು ವಾದಿಸಬಹುದು, ನಾನಾದರೆ ಅದರ ಮೇಲೆ ಹಣ ಕಟ್ಟುವುದಿಲ್ಲ.

ಈ ಎಡೆ ಎಷ್ಟು ದೊಡ್ಡದು? 14,20,000ಕ್ಕೆ ಶೇ 9 ಅಂದರೆ ವರ್ಷಕ್ಕೆ 1,27,800. ಶೇ 6 ಅಂದರೆ 85,200. ವ್ಯತ್ಯಾಸ ವರ್ಷಕ್ಕೆ 42,600, ಅದೂ 2024ರ ಡಿಸೆಂಬರ್ 2ರ ನಂತರಕ್ಕೆ ಮಾತ್ರ. ಇದನ್ನು ಹಿಡಿದುಕೊಂಡು ಕೂತರೆ ಇಡೀ ಅಪೀಲು ಇದರ ಹೆಗಲೇರಿ ಒಳಗೆ ಬರುತ್ತದೆ. ನನ್ನ ಸಲಹೆ: ‘ಡಿಕ್ರಿಯ ನಂತರದ ಬಡ್ಡಿಯನ್ನು ಶೇ 6ಕ್ಕೆ ಇಳಿಸಲು ಎದುರುದಾರರ ಆಕ್ಷೇಪವಿಲ್ಲ’ (ಎದುರುದಾರರು ಅಂದರೆ ಅಪೀಲಿನಲ್ಲಿ ನೀವು) ಎಂದು ಒಂದು ಮೆಮೊ ಹಾಕಿ, ಉಳಿದುದರಲ್ಲಿ ವಾದಿಸಲು ಏನೂ ಇಲ್ಲ, ಅಡ್ಮಿಷನ್ (ಅಪೀಲನ್ನು ವಿಚಾರಣೆಗೆ ಸ್ವೀಕರಿಸುವ) ಹಂತದಲ್ಲೇ ಅಂತಿಮವಾಗಿ ತೀರಿಸಿ ಎಂದು ಕೇಳಿ. ಎರಡೂ ಕಡೆಯವರು ಹಾಜರಿದ್ದು ಅಪೀಲು ಸಣ್ಣದಿದ್ದರೆ ಪೀಠಗಳು ಇದಕ್ಕೆ ಒಪ್ಪುವುದುಂಟು. ವಾದಪತ್ರದಲ್ಲಿ ಶೇ 18 ಕೇಳಿದ್ದೆ, ಈಗ ಅಡ್ಡ ಆಕ್ಷೇಪಣೆ (ಗೆದ್ದವರೂ ಡಿಕ್ರಿಯ ಒಂದು ಭಾಗವನ್ನು ಪ್ರಶ್ನಿಸುವ ಅರ್ಜಿ) ಹಾಕುತ್ತೇನೆ ಎಂಬ ಯೋಚನೆ ಇದ್ದರೆ ಬಿಡಿ. ನೋಟಿಸು ತಲುಪಿ ಒಂದು ತಿಂಗಳೊಳಗೆ ಆದೇಶ 41, ನಿಯಮ 22ರಲ್ಲಿ ಅದಕ್ಕೆ ಅವಕಾಶವೇನೋ ಇದೆ. ಆದರೆ ನೀವೇ ಅಪೀಲಿಗೆ ತೂಕ ತುಂಬಿದಂತಾಗುತ್ತದೆ.

ಈಗ ಮುಖ್ಯ ವಿಷಯ, ಠೇವಣಿ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಆದೇಶ 41, ನಿಯಮ 5ರ ಮೊದಲ ಸಾಲೇ ಅದು. ಹಣದ ಡಿಕ್ರಿಯಾದರೆ ನಿಯಮ 1ರ ಮೂರನೇ ಉಪನಿಯಮದಂತೆ, ಕೋರ್ಟು ಕೊಟ್ಟ ಸಮಯದೊಳಗೆ ತಕರಾರಿನಲ್ಲಿರುವ ಮೊತ್ತವನ್ನು ಠೇವಣಿ ಇಡಬೇಕು ಅಥವಾ ಭದ್ರತೆ ಕೊಡಬೇಕು. ಕೊಡದಿದ್ದರೆ ತಡೆಯಾಜ್ಞೆ ಕೊಡುವಂತಿಲ್ಲ ಎಂದು ನಿಯಮ 5ರ ಐದನೇ ಉಪನಿಯಮ ಹೇಳುತ್ತದೆ. ಠೇವಣಿಯಿಲ್ಲದೆ ತಡೆ ಕೊಡಬೇಕೆಂದರೆ ಪ್ರಕರಣ ಅಸಾಧಾರಣವಾಗಿರಬೇಕು, ಕಾರಣವನ್ನು ಬರೆಯಬೇಕು ಎಂದು 2009ರ ಮಾಳ್ವಾ ಸ್ಟ್ರಿಪ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಠೇವಣಿ ಇಡಲಿಲ್ಲವೆಂದು ಅಪೀಲನ್ನೇ ವಜಾ ಮಾಡಿ ಎಂದು ಕೇಳಬೇಡಿ. ಠೇವಣಿ ತಪ್ಪಿದರೆ ಹೋಗುವುದು ತಡೆ, ಅಪೀಲಲ್ಲ. ಇವೆರಡನ್ನು ಕಲಸಿ ಬರೆದ ಆಕ್ಷೇಪಣೆಗಳು ದಂಡಿಯಾಗಿ ಬರುತ್ತವೆ.

ಸಾಮಾನ್ಯವಾಗಿ ಏನಾಗುತ್ತದೆಂದರೆ, ಅರ್ಧದಷ್ಟನ್ನು ಇಂತಿಷ್ಟು ವಾರಗಳಲ್ಲಿ ಠೇವಣಿ ಇಡಿ ಎಂಬ ಷರತ್ತಿನ ಮೇಲೆ ತಡೆ ಸಿಗುತ್ತದೆ. ಯಾವುದರ ಅರ್ಧ ಎಂಬಲ್ಲಿ ನೀವು ಹುಷಾರಾಗಿರಬೇಕು. ಅವರು 14,20,000ದ ಅರ್ಧ ಎನ್ನುತ್ತಾರೆ. ಅಪೀಲು ಹಾಕಿದ ದಿನಕ್ಕೆ ಬಡ್ಡಿಯೇ ಸುಮಾರು 4.8 ಲಕ್ಷ ದಾಟಿದೆ, ಒಟ್ಟು 19 ಲಕ್ಷ. ಲೆಕ್ಕದ ತಖ್ತೆಯೊಂದನ್ನು (ಅಸಲು, ದಿನಾಂಕವಾರು ಬಡ್ಡಿ, ದಾವೆ ಖರ್ಚು) ಆಕ್ಷೇಪಣೆಗೆ ಲಗತ್ತಿಸಿ, ‘ಬಡ್ಡಿ, ಖರ್ಚು ಸೇರಿದ ಡಿಕ್ರಿ ಮೊತ್ತ’ ಎಂಬ ಪದಗಳೇ ಆದೇಶದಲ್ಲಿ ಬರುವಂತೆ ನೋಡಿಕೊಳ್ಳಿ. ಇನ್ನೂ ಮೂರು ಮಾತು ಆದೇಶದಲ್ಲಿ ಇರಲಿ: ಗಡುವು ತಪ್ಪಿದರೆ ಬೇರೆ ಆದೇಶವಿಲ್ಲದೆ ತಡೆ ತಾನಾಗಿ ರದ್ದಾಗಬೇಕು, ಉಳಿದ ಮೊತ್ತಕ್ಕೆ ಸ್ಥಿರಾಸ್ತಿಯ ಭದ್ರತೆ ಇರಬೇಕು, ಇಟ್ಟ ಹಣವನ್ನು ನೀವು ಪಡೆಯಲು ಅವಕಾಶವಿರಬೇಕು. ಮೂರನೆಯದಕ್ಕೆ ಕೋರ್ಟು ನಿಮ್ಮಿಂದ ಬ್ಯಾಂಕ್ ಗ್ಯಾರಂಟಿ ಅಥವಾ ಜಾಮೀನು ಕೇಳಬಹುದು, ಏಕೆಂದರೆ ಮುಂದೆ ಡಿಕ್ರಿ ಬದಲಾದರೆ ಕಲಂ 144ರಲ್ಲಿ ನೀವು ಹಿಂದಿರುಗಿಸಬೇಕಾಗುತ್ತದೆ. ಹಣ ಪಡೆಯುವ ಅನುಮತಿ ಸಿಗದಿದ್ದರೆ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಡಿಸಿ. ಕೋರ್ಟಿನ ಖಾತೆಯಲ್ಲಿ ಬಡ್ಡಿಯಿಲ್ಲದೆ ಬಿದ್ದಿರುವ ಹಣದಿಂದ ಯಾರಿಗೂ ಲಾಭವಿಲ್ಲ. ತಡೆಗೆ ಷರತ್ತಾಗಿ ಇಟ್ಟ ಹಣ ಡಿಕ್ರಿ ತೀರಿದ್ದಕ್ಕೆ ಸಮವಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ, ಆದ್ದರಿಂದ ಠೇವಣಿ ಇಟ್ಟಾಕ್ಷಣ ಬಡ್ಡಿ ನಿಂತಿತು ಎಂಬ ವಾದಕ್ಕೆ ತಲೆದೂಗಬೇಡಿ.

ದಿನ ತಳ್ಳಲೆಂದೇ ಹಾಕಿದ ಅಪೀಲಿನ ಲೆಕ್ಕಾಚಾರ ಕೆಡುವುದು ಇಲ್ಲಿ. ಶೇ 6ರ ಬಡ್ಡಿಗೆ 14 ಲಕ್ಷ ಸಾಲ ಯಾವ ಬ್ಯಾಂಕಿನಲ್ಲಿ ಸಿಗುತ್ತದೆ? ತಡೆ ಪುಕ್ಕಟೆ ಸಿಕ್ಕರೆ ಅಪೀಲು ಅಂಥ ಸಾಲ. ಹಣ ಕೋರ್ಟಿಗೆ ಬಂದು ಕೂತ ಮೇಲೆ ಅಪೀಲು ಎಳೆಯುವ ಆಸಕ್ತಿ ಅವರಿಗೂ ಉಳಿಯುವುದಿಲ್ಲ.

ತಡೆ ಇನ್ನೂ ಸಿಕ್ಕಿಲ್ಲ ಎಂದಿರಿ. ಹಾಗಾದರೆ ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವ) ಅರ್ಜಿ ಹಾಕದೆ ಯಾಕೆ ಕೂತಿದ್ದೀರಿ? ಡಿಕ್ರಿಯ ದಿನದಿಂದ ಎರಡು ವರ್ಷದೊಳಗೆ ಹಾಕಿದರೆ ಆದೇಶ 21, ನಿಯಮ 22ರ ಮುಂಗಡ ನೋಟಿಸಿನ ಅಗತ್ಯವಿಲ್ಲ. ಮೇಲಿನ ಮಹಡಿಯ ಬಾಡಿಗೆದಾರರು ತಿಂಗಳು ತಿಂಗಳು ಕೊಡುವ ಬಾಡಿಗೆಯನ್ನು ನಿಯಮ 46ಎ ಪ್ರಕಾರ ನೇರವಾಗಿ ಕೋರ್ಟಿಗೆ ಕಟ್ಟಿಸಬಹುದು. ಆಸ್ತಿಪಾಸ್ತಿಯ ಪ್ರಮಾಣಪತ್ರವನ್ನು ನಿಯಮ 41ರಲ್ಲಿ ಕೇಳಬಹುದು. ಮನೆಯನ್ನು ನಿಯಮ 54ರಲ್ಲಿ ಜಪ್ತಿ ಮಾಡಿಸುವುದು ಇನ್ನೂ ಮುಖ್ಯ. ಹಣದ ಡಿಕ್ರಿ ಇದೆಯೆಂಬ ಕಾರಣಕ್ಕೆ ಅವರು ಮನೆ ಮಾರುವುದನ್ನು ಯಾರೂ ತಡೆಯಲಾರರು. ಜಪ್ತಿಯಾದ ಮೇಲೆ ಮಾರಿದರೆ ಮಾತ್ರ ಕಲಂ 64ರಂತೆ ಆ ಮಾರಾಟ ನಿಮ್ಮ ಹಕ್ಕಿನ ಮುಂದೆ ನಿಲ್ಲದು. ಅಮಲ್ಜಾರಿ ಆರು ತಿಂಗಳಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ರಾಹುಲ್ ಶಾ ಪ್ರಕರಣದಲ್ಲಿ ಹೇಳಿತು, ಅದು ಕರ್ನಾಟಕದಿಂದಲೇ ಹೋದ ಪ್ರಕರಣ. ಆರು ತಿಂಗಳಲ್ಲಿ ಮುಗಿಯದಿದ್ದರೂ, ಅರ್ಜಿ ಬಾಕಿ ಇದೆ ಎಂಬುದೇ ಹೈಕೋರ್ಟಿನಲ್ಲಿ ಠೇವಣಿಯ ಮಾತು ಬೇಗ ಬರುವಂತೆ ಮಾಡುತ್ತದೆ.

ಆರು ತಿಂಗಳೆಂದಾಗ ಇನ್ನೊಂದು ತಪ್ಪು ತಿಳಿವಳಿಕೆ. ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. 2018ರ ಏಷ್ಯನ್ ರೀಸರ್ಫೇಸಿಂಗ್ ತೀರ್ಪಿನ ಆ ಭಾಗವನ್ನು 2024ರ ಫೆಬ್ರುವರಿ 29ರಂದು ಸಂವಿಧಾನ ಪೀಠ ತೆಗೆದುಹಾಕಿದೆ. ತಡೆ ಸಿಕ್ಕಿಬಿಟ್ಟರೆ ಅದನ್ನು ತೆರವುಗೊಳಿಸಲು ನೀವೇ ಅರ್ಜಿ ಹಾಕಬೇಕು.

ಖರ್ಚಿನ ಪ್ರಶ್ನೆಗೆ ಉತ್ತರ ಸಪ್ಪೆ. ಸುಳ್ಳು, ಕಿರುಕುಳದ ವಾದಕ್ಕೆ ಪರಿಹಾರ ಖರ್ಚು ಕೊಡಿಸುವ ಕಲಂ 35ಎ ಅಪೀಲು ಮತ್ತು ರಿವಿಷನ್ನಿಗೆ ಅನ್ವಯಿಸುವುದೇ ಇಲ್ಲ. ದಾವೆಯಲ್ಲೂ ಅದರ ಮಿತಿ 3,000 ರೂಪಾಯಿ. ಅಪೀಲಿನಲ್ಲಿ ಸಿಗುವುದು ಕಲಂ 35ರ ಸಾಮಾನ್ಯ ಖರ್ಚು. ವಾಸ್ತವಕ್ಕೆ ಹತ್ತಿರವಾದ ಖರ್ಚು ಕೊಡಿಸಿ ಎಂದು ಸುಪ್ರೀಂ ಕೋರ್ಟ್ 2005ರಿಂದ ಹೇಳುತ್ತಲೇ ಇದೆ. ವಕೀಲರ ಶುಲ್ಕದ ರಸೀದಿ, ನಕಲು ಮತ್ತು ಟೈಪಿಂಗ್ ಖರ್ಚಿನ ಪಟ್ಟಿಯನ್ನು ತೀರ್ಪಿಗೆ ಮೊದಲೇ ಕೊಟ್ಟವರಿಗೆ ಒಂದಿಷ್ಟು ಸಿಗುತ್ತದೆ, ಬಾಯಲ್ಲಿ ಕೇಳಿದವರಿಗೆ ‘ಖರ್ಚಿನ ಬಗ್ಗೆ ಆದೇಶವಿಲ್ಲ’ ಎಂಬ ಸಾಲು ಸಿಗುತ್ತದೆ. ಕಮರ್ಷಿಯಲ್ ಕೋರ್ಟಿನ ವ್ಯಾಜ್ಯಗಳಲ್ಲಿ 2015ರ ಕಾಯ್ದೆಯಿಂದ ಕಲಂ 35 ಬೇರೆ ರೂಪದಲ್ಲಿದೆ, ಸೋತವರು ತೆರುವುದೇ ನಿಯಮ. ನಿಮ್ಮದು ವಾಸದ ಮನೆಯ ಸಾಮಾನ್ಯ ದಾವೆಯಾದ್ದರಿಂದ ಆ ಭಾಗ್ಯವಿಲ್ಲ.

ತಾಲ್ಲೂಕು, ಜಿಲ್ಲೆಗಳಲ್ಲಿ ಕರಾರಿನ ವ್ಯಾಜ್ಯ ನಡೆಸುತ್ತಿರುವವರಿಗೆ ಒಂದು ಮಾತು. ಅಲ್ಲಿ ಪ್ರಥಮ ಅಪೀಲು ಮೇಲಿನ ಸಿವಿಲ್ ಕೋರ್ಟಿನಲ್ಲಿ ಮುಗಿದು ಹೈಕೋರ್ಟಿಗೆ ಬರುವುದು ಆರ್‌ಎಸ್‌ಎ (ದ್ವಿತೀಯ ಅಪೀಲು) ಆದರೆ, ಬಾಗಿಲಲ್ಲೇ ವಜಾ ಎನ್ನುವುದು ನಿಜಕ್ಕೂ ನಡೆಯುವುದು ಅಲ್ಲಿ. ಕಲಂ 100ರಲ್ಲಿ ಮಹತ್ವದ ಕಾನೂನು ಪ್ರಶ್ನೆ ಇಲ್ಲದೆ ಒಳಗೆ ಪ್ರವೇಶವಿಲ್ಲ. ಸಾಕ್ಷಿಯನ್ನು ನಂಬಿದ್ದು ತಪ್ಪು ಎಂಬುದು ಅಂಥ ಪ್ರಶ್ನೆಯಲ್ಲ. 25,000 ರೂಪಾಯಿವರೆಗಿನ ಹಣದ ದಾವೆಗೆ ದ್ವಿತೀಯ ಅಪೀಲೇ ಇಲ್ಲ. ಆದರೆ ಸೋಲುವ ಅಪೀಲೆಲ್ಲ ಹುರುಳಿಲ್ಲದ್ದಲ್ಲ ಎಂಬುದಕ್ಕೆ ಕರಾರಿನದೇ ಹಳೆಯ ಉದಾಹರಣೆಯಿದೆ. 1962ರ ಚುನೀಲಾಲ್ ಮೆಹ್ತಾ ಪ್ರಕರಣದಲ್ಲಿ ಏಜೆನ್ಸಿ ಕರಾರನ್ನು ಅವಧಿಗೆ ಮೊದಲೇ ಮುರಿದದ್ದಕ್ಕೆ ಕೇಳಿದ ಪರಿಹಾರ 50 ಲಕ್ಷ, ಸಿಕ್ಕಿದ್ದು ಕರಾರಿನಲ್ಲೇ ಬರೆದಿದ್ದ ತಿಂಗಳಿಗೆ 6,000ದ ಲೆಕ್ಕದಲ್ಲಿ 2,34,000. ಆ ಷರತ್ತನ್ನು ಹೇಗೆ ಓದಬೇಕು ಎಂಬುದು ಮಹತ್ವದ ಕಾನೂನು ಪ್ರಶ್ನೆಯೇ ಹೌದು ಎಂದ ಸುಪ್ರೀಂ ಕೋರ್ಟ್, ಅದನ್ನು ಪೂರ್ತಿ ಕೇಳಿ ಅಪೀಲನ್ನು ವಜಾ ಮಾಡಿತು. ಕಲಂ 100ಕ್ಕೂ ಇಂದು ಅದೇ ಅಳತೆಗೋಲು.

ನಿಮ್ಮ ಆರ್‌ಎಫ್‌ಎ ಏಕಸದಸ್ಯ ಪೀಠದಲ್ಲಿ ವಜಾ ಆದರೆ ಹೈಕೋರ್ಟಿನೊಳಗೆ ಮತ್ತೊಂದು ಅಪೀಲಿಗೆ ಕಲಂ 100ಎ ಅವಕಾಶ ಕೊಡುವುದಿಲ್ಲ. ಉಳಿಯುವುದು ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 90 ದಿನ. ಅಲ್ಲಿಗೂ ಒಂದು ಕೇವಿಯಟ್ ಹಾಕಿಸಿ. ವಾದದ ದಿನ ಅಪೀಲುದಾರರ ವಕೀಲರು ಬಾರದೆ ಅಪೀಲು ವಜಾ ಆದರೆ ಹಿಗ್ಗಬೇಡಿ. ಗೈರುಹಾಜರಿಯಲ್ಲಿ ಗುಣಾವಗುಣದ ಮೇಲೆ ತೀರ್ಪು ಕೊಡುವಂತಿಲ್ಲ, 30 ದಿನದೊಳಗೆ ಅರ್ಜಿ ಹಾಕಿ ಅಪೀಲನ್ನು ಮತ್ತೆ ಜೀವಂತ ಮಾಡಿಕೊಳ್ಳಬಹುದು. ಆ 30 ದಿನದಲ್ಲಿ ಠೇವಣಿ ಹಣ ಪಡೆಯುವ ಅರ್ಜಿ, ಅಮಲ್ಜಾರಿ ಕೋರ್ಟಿನಲ್ಲಿ ತಡೆ ಮುಗಿದಿದೆ ಎಂಬ ಮೆಮೊ ಎರಡನ್ನೂ ಹಾಕಿ ಮುಗಿಸಿರಿ.